ಲಕ್ವದ ಪ್ರಬಂಧಕ್ಕೆ ಒಂದೇ ಮಾತಿನ ಸಾಕ್ಷಿ

ಆಸ್ಪತ್ರೆಯಲ್ಲಿ ನಗು ಬರುವಂಥದ್ದು ನಡೆಯುವುದೇ ನಗಬಾರದ ಹೊತ್ತಿನಲ್ಲಿ. ಹತ್ತು ಹದಿನೈದು ವರ್ಷದ ಹಿಂದೆ ನಾನು ವಾಶಿಯ ಆಸ್ಪತ್ರೆಯೊಂದರಲ್ಲಿದ್ದೆ. ಲಕ್ವ ಹೊಡೆದವರಿಗೆ ಹೊಸ ಮಾತ್ರೆಯ ಪರೀಕ್ಷೆ ನಡೆಯುತ್ತಿತ್ತು. ಅವರ ಮನೆಗಳಿಗೆ ಹೋಗಿ ಫಾರಂ ತುಂಬಿಸಿ ತರುವುದು ನನ್ನ ಕೆಲಸ. ಆ ಪರೀಕ್ಷೆಯ ಮೇಲೆ ಬರೆದ ಒಂದೇ ಒಂದು ಪ್ರಬಂಧದಲ್ಲಿ ಇಷ್ಟೆಲ್ಲ ನಡೆಯಿತು.

೧. ಚರ್ಮ

ಎರಡು ವರ್ಷ ಲೋಕಲ್ ರೈಲಿನಲ್ಲಿ ಜೋತುಬಿದ್ದು ಡೊಂಬಿವಲಿ, ಕಲ್ಯಾಣ ಸುತ್ತಿದವಳು ನಾನು. ಪ್ರಬಂಧ ಬರೆದವಳೂ ನಾನೇ. ಲೇಖಕರ ಪಟ್ಟಿಯಲ್ಲಿ ಮಾತ್ರ ನಾನಿರಲಿಲ್ಲ. ನಮ್ಮ ದೊಡ್ಡ ಡಾಕ್ಟರು ಮೊದಲು, ಅವರ ಹೆಂಡತಿ ಎರಡನೆಯವರು. ಡಾಕ್ಟರನ್ನೇ ಕೇಳಿದೆ.

“ಸರ್, ಮೇಡಂ ಚರ್ಮದ ಡಾಕ್ಟರಲ್ವಾ?”

“ಲಕ್ವ ಹೊಡೆದವರಿಗೆ ಚರ್ಮ ಇರಲ್ವೇನ್ರೀ?”

೨. ಇಂಟರೆಸ್ಟ್

ಪ್ರಬಂಧ ಅಚ್ಚು ಹಾಕಬೇಕಿದ್ದ ವೈದ್ಯಕೀಯ ಪತ್ರಿಕೆಯವರು ಫಾರಂ ಕಳಿಸಿದರು. ಯಾರಾದರೂ ಹಣ ಕೊಟ್ಟಿದ್ದಾರೆಯೇ, ಈ ಮಾತ್ರೆಯಲ್ಲಿ ನಿಮ್ಮ ಸ್ವಂತ ಲಾಭದ ‘ಇಂಟರೆಸ್ಟ್’ ಏನಾದರೂ ಇದೆಯೇ, ಮುಚ್ಚುಮರೆಯಿಲ್ಲದೆ ತಿಳಿಸಿ ಅಂತ. ಮಾತ್ರೆ ಕಂಪನಿ ಹಾಕಿಸಿಕೊಟ್ಟ ಎಸಿಯ ಕೆಳಗೆ ಕೂತು, ಅದೇ ಕಂಪನಿಯ ಪೆನ್ನಿನಲ್ಲಿ ಡಾಕ್ಟರು ಎರಡಕ್ಕೂ ‘ಇಲ್ಲ’ ಎಂದು ಬರೆದರು. ನಾನು ಎಸಿಯ ಕಡೆ ನೋಡಿದೆ.

“ಪ್ರಬಂಧ ನಾನು ಓದೇ ಇಲ್ಲ ಕಣ್ರೀ. ಇಂಟರೆಸ್ಟ್ ಇದ್ದಿದ್ರೆ ಓದ್ತಿರಲಿಲ್ವಾ?”

೩. ಆಯ್ತು

ಕೋಪರಿಯಲ್ಲಿ ಉಡುಪಿ ಕಡೆಯ ರೋಗಿಯೊಬ್ಬರಿದ್ದರು. ನಲವತ್ತು ವರ್ಷ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾಗಿದ್ದ ಒಂದೇ ಮಾತು: “ಆಯ್ತು.” ಪರೀಕ್ಷೆಗೆ ಒಪ್ಪಿಗೆಯಾ ಅಂದರೆ “ಆಯ್ತು.” ನೋವಿದೆಯಾ ಅಂದರೂ “ಆಯ್ತು.” ಕೊನೆಗೆ ಡಾಕ್ಟರು “ಗುಣ ಆಯ್ತಾ?” ಅಂದಾಗಲೂ “ಆಯ್ತು.” ಅವರನ್ನು ಗುಣವಾದವರ ಪಟ್ಟಿಗೆ ಸೇರಿಸಿದರು.

ಅದಾಗಿ ಮೂರು ವಾರಕ್ಕೆ, ಪ್ರಬಂಧ ಇನ್ನೂ ಅಚ್ಚಿಗೆ ಹೋಗುವ ಮೊದಲೇ, ಅವರು ತೀರಿಕೊಂಡರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, “ಅವರಿಗೆ ಆ ಮಾತ್ರೆ ಆಗ್ಲಿಲ್ಲ ಮಗಾ. ಇನ್ನೊಬ್ಬರಿಗೆ ಕೊಡುವ ಮೊದಲು ಅದನ್ನು ಬರೀತಿಯಲ್ಲ?” ಎಂದರು. ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಡಾಕ್ಟರ ಹತ್ತಿರ ಹೋದೆ. “ಸರ್, ಗುಣವಾದವರು ತೀರಿಹೋದರು.”

“ಗುಣವಾದ ಮೇಲೆ ತಾನೇ?”

ಹಾಗೆಂದು ಒಂದು ಹಾಳೆ ನನ್ನ ಮುಂದಿಟ್ಟರು. ‘ಮಾಹಿತಿಯೆಲ್ಲ ಸರಿಯಿದೆ’ ಎಂಬುದರ ಕೆಳಗೆ ನನ್ನ ಸಹಿ ಬೇಕಿತ್ತಂತೆ. ಅಷ್ಟೂ ಕಾಗದಗಳಲ್ಲಿ ನನ್ನ ಹೆಸರಿಗೆಂದು ಇದ್ದ ಜಾಗ ಅದೊಂದೇ.

“ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ.”

ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ನನಗೇನೂ ಲಕ್ವ ಹೊಡೆದಿರಲಿಲ್ಲ. ಆದರೂ ಬಾಯಿಂದ ಹೊರಟದ್ದು ಒಂದೇ ಮಾತು.

“ಆಯ್ತು.”