ನನ್ನದೊಂದು ನಿರ್ಣಾಯಕ ಮತ

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ದೂರದಿಂದಲೇ ಕೈಮುಗಿದೇನು. ಕಂಡಕ್ಟರ್ ಚಿಲ್ಲರೆ ಕೇಳಿದರೂ ನನ್ನೆದೆ ಡವಡವ ಎನ್ನುತ್ತದೆ. ಮದುವೆಯಲ್ಲಿ ಪುರೋಹಿತರು "ಹೂಂ ಅನ್ನಮ್ಮಾ" ಎಂದು ಗದರಿದ್ದಕ್ಕೆ ಊಟದ ಹೊತ್ತಿನವರೆಗೂ ಹೂಂ ಹೂಂ ಅನ್ನುತ್ತಲೇ ಇದ್ದವಳು ನಾನು. ಇಂಥವಳು ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ವಿದ್ಯಾನಗರದ ಮನೆಯಿಂದ ದಿನಾ ಭದ್ರಾವತಿಗೆ ಹೋಗಿ, ಒಂದು ಖಾಸಗಿ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದವರು ಹೆಡ್‌ಮಾಸ್ಟರು. ಅವರು ಕೆಮ್ಮಿದರೆ ಸ್ಟಾಫ್ ರೂಮಿನಲ್ಲಿ ನಾನು ಎದ್ದು ನಿಲ್ಲುತ್ತಿದ್ದೆ.

ಕಾನೂನು ಹೇಗೆ ಆಗುತ್ತದೆ ಎಂಬ ಪಾಠವನ್ನು ಸುಮ್ಮನೆ ಓದಿ ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. "ಮಕ್ಕಳ ಕೈಲಿ ವಿಧಾನಸಭೆ ಆಡಿಸ್ತೀನಿ" ಎಂದು ಮನೆಯಲ್ಲಿ ಜಂಬ ಕೊಚ್ಚಿದೆ. "ಬೇಡ ಮಾರಾಯ್ತಿ, ಕಾರ್ಖಾನೆ ಊರಿನ ಮಕ್ಳು ಅವು. ಯೂನಿಯನ್ನಿನೋರ ಗೇಟ್ ಮೀಟಿಂಗ್ ನೋಡ್ಕೊಂಡೇ ಬೆಳೆದಿರ್ತಾವೆ" ಎಂದರು ನಮ್ಮ ಯಜಮಾನರು. ಕೇಳಬೇಕಿತ್ತು.

ಮಸೂದೆ ನೀವೇ ಆರಿಸಿಕೊಳ್ಳಿ ಎಂದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದೆ. ಗಿಡ ನೆಡುವುದೋ ಪ್ಲಾಸ್ಟಿಕ್ಕೋ ಏನೋ ಒಂದು ತರುತ್ತಾರೆಂದುಕೊಂಡಿದ್ದೆ. ಕಾರ್ಮಿಕ ಮುಖಂಡರೊಬ್ಬರ ಮಗಳು ಸೆಲ್ವಿ ಮುಖ್ಯಮಂತ್ರಿ. ಎದ್ದು ನಿಂತು ಗಟ್ಟಿಯಾಗಿ ಓದಿದಳು: "ಆಟದ ಪೀರಿಯಡ್ಡನ್ನು ಯಾವ ಮೇಷ್ಟರೂ ಗಣಿತಕ್ಕೆ ಕಿತ್ತುಕೊಳ್ಳತಕ್ಕದ್ದಲ್ಲ." ಕಿತ್ತುಕೊಳ್ಳುತ್ತಿದ್ದವರು ಒಬ್ಬರೇ, ಗಣಿತ ಹೇಳಿಕೊಡುತ್ತಿದ್ದ ಹೆಡ್‌ಮಾಸ್ಟರು. "ಬೇಡ ಕಣೇ" ಅನ್ನುವಂತಿಲ್ಲ. ನಾನು ಸ್ಪೀಕರ್, ಸ್ಪೀಕರ್ ಪಕ್ಷ ವಹಿಸಬಾರದೆಂದು ನಾನೇ ಪಾಠ ಮಾಡಿದ್ದೆ. "ಬೇಕೇ ಬೇಕು, ಆಟ ಬೇಕು!" ಎಂದು ಬೆಂಚು ಗುದ್ದುವ ಸದ್ದಿಗೆ ಹೆಡ್‌ಮಾಸ್ಟರೇ ಬಂದರು. ಬೈಯಲಿಲ್ಲ. "ಮುಂದುವರಿಸಿ ಮೇಡಂ" ಎಂದು ಹಿಂದಿನ ಬೆಂಚಿನಲ್ಲಿ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮತಕ್ಕೆ ಹಾಕಿದೆ. ಹೌದೆನ್ನುವವರು ಕೈ ಎತ್ತಿ ಎಂದಾಗ ಇಡೀ ಕ್ಲಾಸಿನ ಕೈಗಳು ಮೇಲೆದ್ದವು. ಹಿಂದಿನಿಂದ ಒಂದು ಕೆಮ್ಮು ಬಂತು. ಅರ್ಧಕ್ಕರ್ಧ ಕೈಗಳು ಇಳಿದವು. ಬೇಡ ಎನ್ನುವವರು ಎಂದಾಗ ಅವೇ ಮತ್ತೆ ಎದ್ದವು. ಎಣಿಸಿದರೆ ಸಮ ಸಮ. ಅಯ್ಯೋ ದೇವರೇ! ಸದನವನ್ನು ಮುಂದೂಡಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಸೆಲ್ವಿ, "ಮಿಸ್, ಸಮ ಬಿದ್ರೆ ಸ್ಪೀಕರ್ ಓಟ್ ಹಾಕ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ" ಎಂದಳು. ಆ ಕಡೆ ನನ್ನ ಅನ್ನ, ಈ ಕಡೆ ಈ ಹುಡುಗಿಯ ಮುಖ. ಹೆಡ್‌ಮಾಸ್ಟರ ಕಡೆ ತಿರುಗುವ ಧೈರ್ಯವಿಲ್ಲದೆ ಅವಳನ್ನೇ ನೋಡುತ್ತಾ "ಹೌದು" ಎಂದುಬಿಟ್ಟೆ. ಅದನ್ನೇ ಧೈರ್ಯವೆಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು.

ಹೆಡ್‌ಮಾಸ್ಟರು ಎದ್ದುಹೋದರು. ಅದು ಶನಿವಾರ. ಭಾನುವಾರವೆಲ್ಲ ನನಗೆ ಊಟ ಸೇರಲಿಲ್ಲ. "ಹೋದ್ರೆ ಹೋಗ್ಲಿ ಬಿಡೇ, ಇನ್ನೊಂದು ಸ್ಕೂಲ್ ಸಿಗತ್ತೆ" ಎಂದು ಯಜಮಾನರು ಸಮಾಧಾನ ಹೇಳಿದಷ್ಟೂ ಹೆದರಿಕೆ ಹೆಚ್ಚಿತು.

ಸೋಮವಾರ ಹೆಡ್‌ಮಾಸ್ಟರು ಕರೆಸಿದರು. "ಕಾನೂನು ಅಂದ್ಮೇಲೆ ಕಾನೂನು ಕಣ್ರೀ ಮೇಡಂ. ಇನ್ಮೇಲೆ ಆಟದ ಪೀರಿಯಡ್ ಮುಟ್ಟಲ್ಲ" ಎಂದರು. ಹೋದ ಜೀವ ಬಂದಂತಾಯಿತು. "ನಿಮ್ಮ ಕಾಯಂ ಆರ್ಡರೂ ಬರತ್ತೆ. ಆದ್ರೆ ಗಣಿತ ಮುಗೀಬೇಕಲ್ಲ? ಪೌರನೀತಿ ಪೀರಿಯಡ್ ತಗೋಬಾರ್ದು ಅಂತ ಮಸೂದೆಯಲ್ಲಿ ಏನೂ ಇಲ್ವಲ್ಲ?"

"ಇಲ್ಲ ಸಾರ್" ಎಂದೆ. ಅಷ್ಟಕ್ಕೇ ಬಿಡದೆ, ಅವರು ಬರುವುದರೊಳಗೆ ಕ್ಲಾಸಿಗೆ ಓಡಿ, ಸೆಲ್ವಿಯ ಎದುರೇ ಬೋರ್ಡು ಒರೆಸಿ, ಚಾಕ್‌ಪೀಸು ಕೂಡ ತಂದಿಟ್ಟೆ.