ನಂದಿಬಟ್ಟಲಿನ ಗಿಡವೂ ನಮ್ಮ ಬೀದಿಯ ಶಾಂತಿಯ ಅಂಕವೂ

ಸರಸ್ವತಿಪುರಂ, ಮೈಸೂರು
೨೦೦೭

ವಿಶ್ವಶಾಂತಿಯನ್ನು ಅಳೆಯುವ ಮಹಾಸಂಸ್ಥೆಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ದೇಶದೇಶಗಳ ಶಾಂತಿಯನ್ನು ಅಳೆದು, ಅಂಕ ಹಾಕಿ, ಲೋಕವನ್ನು ಅಭಿವೃದ್ಧಿಯ ಗುರಿ ಮುಟ್ಟಿಸಲು ಹೊರಟಿರುವ ತಮಗೆ ನಮ್ಮ ಅಡ್ಡರಸ್ತೆಯ ಸಾಷ್ಟಾಂಗ ನಮಸ್ಕಾರಗಳು. ರಸ್ತೆ ಹೇಗೂ ಮಲಗಿಯೇ ಇರುವುದರಿಂದ ಸಾಷ್ಟಾಂಗಕ್ಕೆ ತೊಂದರೆಯಾಗಲಿಲ್ಲ.

ತಮ್ಮ ಪಟ್ಟಿ ಪತ್ರಿಕೆಯಲ್ಲಿ ಬಂದಾಗಿನಿಂದ ಪಕ್ಕದ ಮನೆಯ ಬಿಂದುಮಾಧವರಿಗೆ, ಅಂದರೆ ನಿವೃತ್ತ ರಾಜ್ಯಶಾಸ್ತ್ರದ ಮೇಷ್ಟ್ರಿಗೆ, ನೆಮ್ಮದಿಯಿಲ್ಲ. ಭಾರತಕ್ಕೆ ಅಂಕ ಕಡಿಮೆ ಬಿದ್ದದ್ದು ನಮ್ಮ ಗೇಟಿನ ಗಲಾಟೆಯಿಂದಲೇ ಎಂದು ಅವರು ತೀರ್ಮಾನಿಸಿದರು. ಗಲಾಟೆ ಇದ್ದದ್ದು ನಿಜ. ನಮ್ಮ ಕಾಂಪೌಂಡಿನಿಂದ ಬೀದಿಗೆ ಬಾಗಿದ ನಂದಿಬಟ್ಟಲಿನ ಹೂವನ್ನು ಎದುರುಮನೆಯ ವೆಂಕಟಸುಬ್ಬಯ್ಯನವರು ಬೆಳಗಿನ ವಾಕಿಂಗಿನ ಹೆಸರಿನಲ್ಲಿ ಪ್ಲಾಸ್ಟಿಕ್ ಕವರಿಗೆ ಇಳಿಸುತ್ತಿದ್ದರು. “ಮೊಗ್ಗೂ ಬಿಡಲ್ವೇನ್ರೀ, ನಿಮ್ಮ ದೇವ್ರಿಗೆ ಅಷ್ಟು ಅರ್ಜೆಂಟಾ?” ಎಂದು ನನ್ನ ಪತ್ನಿ ಗಿರಿಜಾಂಬಾ ಕೂಗುವುದು, “ಬೀದಿಗೆ ಬಂದ ಕೊಂಬೆ ಸರ್ಕಾರದ್ದು ಕಣಮ್ಮ, ನಾನು ಸರ್ಕಾರಿ ಪೆನ್ಷನ್‌ದಾರ” ಎಂದು ಅವರು ಉತ್ತರಿಸುವುದು, ಇಬ್ಬರ ಗಂಟಲೂ ಒಣಗಿದ ಮೇಲೆ ನಮ್ಮ ಜಗಲಿಯಲ್ಲಿ ಕಾಫಿಯಾಗುವುದು, ಇದು ಬಹುಕಾಲದ ಸಂಪ್ರದಾಯ.

ನಾವು ಮದುವೆಗೆಂದು ನಂಜನಗೂಡಿಗೆ ಹೋಗಿದ್ದಾಗ ಬಿಂದುಮಾಧವರು ಯುದ್ಧದ ಮೂಲವನ್ನೇ ನಿವಾರಿಸಿದರು. ಗಿಡವನ್ನು ಬುಡದವರೆಗೆ ಕತ್ತರಿಸಿದರು.

ತಮ್ಮ ಮಾಪನಕ್ಕೆ ಜಯವಾಗಲಿ! ಈಗ ನಮ್ಮ ಬೀದಿ ಎಷ್ಟು ಶಾಂತವೆಂದರೆ ಹಾಲಿನವನೂ ಬೆಲ್ ಒತ್ತಲು ಹೆದರುತ್ತಾನೆ. ನಾವೇ ಗಿಡ ಕಡಿಸಿದೆವೆಂದು ನಂಬಿರುವ ವೆಂಕಟಸುಬ್ಬಯ್ಯನವರು ನಮ್ಮ ಗೇಟು ಬಂದರೆ ಆಕಾಶ ನೋಡುತ್ತಾ ದಾಟುತ್ತಾರೆ. ನಿಜ ಹೇಳೋಣವೆಂದರೆ ಮೊದಲು ಮಾತಾಡಿದವರು ಸೋತಂತೆ. ಗಿರಿಜಾಂಬಾ ರೂಢಿಯಂತೆ ಮೂರು ಲೋಟ ಕಾಫಿ ಬೆರೆಸಿ, ಅವರ ಪಾಲಿನದನ್ನು ಸಿಂಕಿಗೆ ಸುರಿಯುತ್ತಾಳೆ. ತಮ್ಮ ಮಾಪಕ ಇದಕ್ಕೆ ಪೂರ್ಣಾಂಕ ಕೊಡುತ್ತದೆ. ಸ್ಮಶಾನಕ್ಕೂ ಕೊಡುತ್ತದೆಯೆಂದು ಕೇಳಿದ್ದೇನೆ.

ಆದಕಾರಣ ನಮ್ಮ ಅಂಕವನ್ನು ಕೂಡಲೇ ಇಳಿಸಬೇಕಾಗಿಯೂ, ಒಂದು ಅಶಾಂತಿಪಾಲನಾ ಪಡೆಯನ್ನು ಕಳುಹಿಸಿ ನಮ್ಮ ಗೇಟಿನಲ್ಲಿ ಜಗಳವನ್ನು ಮರುಸ್ಥಾಪಿಸಬೇಕಾಗಿಯೂ ಕೋರುತ್ತೇನೆ. ಪಡೆಗೆ ನೀಲಿ ಹೆಲ್ಮೆಟ್ ಬೇಡ, ಬೆಳಗಿನ ಚಳಿಗೆ ಮಂಕಿ ಕ್ಯಾಪ್ ಸಾಕು.

ಇಂತಿ, ಶಾಂತಿಯಿಂದ ನರಳುತ್ತಿರುವ
ತಮ್ಮ ವಿಶ್ವಾಸಿ,
ಮೃತ್ಯುಂಜಯ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ನಂದಿಬಟ್ಟಲಿನ ಬುಡ ಚಿಗುರಿದೆ. ವೆಂಕಟಸುಬ್ಬಯ್ಯನವರು ಇಂದು ತಡೆಯಲಾರದೆ ಗೇಟಿನ ಸರಳಿನೊಳಗೆ ಕೈ ತೂರಿಸಿ ಮುಟ್ಟಿ ನೋಡಿದರು. “ಎಲೇನೂ ಬಿಡಲ್ವೇನ್ರೀ?” ಎಂದಳು ಗಿರಿಜಾಂಬಾ, ಕಿಟಕಿಯಿಂದ. “ಕಡಿಸಿದೋರು ಕೇಳೋ ಮಾತಾ ಇದು!” “ಕಡಿಸಿದ್ದು ನಾವಲ್ಲ ಕಣ್ರೀ, ಆ ಮೇಷ್ಟ್ರನ್ನ ಕೇಳಿ ಹೋಗಿ!” ಸದ್ಯ ಇಬ್ಬರೂ ಒಂದೇ ದನಿಯಲ್ಲಿ ಬಿಂದುಮಾಧವರ ಬಾಗಿಲು ಬಡಿಯುತ್ತಿದ್ದಾರೆ. ತಮ್ಮಲ್ಲಿ ತಜ್ಞರ ಹುದ್ದೆ ಖಾಲಿಯಿದ್ದರೆ ದಯವಿಟ್ಟು ತಕ್ಷಣ ತಿಳಿಸಿ. ಮೇಷ್ಟ್ರು ಹಿತ್ತಲ ಗೋಡೆ ಹತ್ತಿ ಕಾಯುತ್ತಿದ್ದಾರೆ.