ಅತ್ತೆಯ ಬಾಗಿನ ಮತ್ತು ಮೌಂಟ್ ಗ್ಯಾಂಬಿಯರ್ ನಲ್ಲಿ

ನಮ್ಮ ಮನೆಯವರೆಲ್ಲ ಕಾರು ಹತ್ತಿ, ನೆಟ್ಟಗೆ ಹೋಗಿ ನೆಟ್ಟಗೆ ಬಂದದ್ದು ನನಗಂತೂ ನೆನಪಿಲ್ಲ. ಅದರಲ್ಲೂ ಈ ಸಲ ಮಂಡ್ಯದಿಂದ ಬಂದ ಅತ್ತೆ ಜೊತೆಗಿದ್ದರು.

ಅತ್ತೆ ಬಂದು ಮೂರು ತಿಂಗಳಾಗಿತ್ತು. ಆಸ್ಟ್ರೇಲಿಯಾದ ಯಾವುದಕ್ಕೂ ಒಮ್ಮೆಯೂ "ಚೆನ್ನಾಗಿದೆ" ಅಂದಿರಲಿಲ್ಲ. ಸಮುದ್ರ ತೋರಿಸಿದರೆ "ಉಪ್ಪು ನೀರು" ಅಂದರು. ಕಾಂಗರೂ ತೋರಿಸಿದರೆ "ಹೊಲ ಮೇಯಲ್ವಾ?" ಅಂದರು. ಮುಂದಿನ ವಾರ ಅವರಿಗೆ ವಾಪಸ್ ಫ್ಲೈಟ್. ಅಳಿಯನ ಮಾನ ಉಳಿಸಲು ನನಗಿದ್ದದ್ದು ಒಂದೇ ದಾರಿ: ಮೌಂಟ್ ಗ್ಯಾಂಬಿಯರ್‌ನ ಜ್ವಾಲಾಮುಖಿಯ ಬಾಯಲ್ಲಿರುವ ನೀಲಿ ಕೆರೆ. ಮಕ್ಕಳ ಜುಲೈ ಚಳಿಗಾಲದ ರಜೆಯಲ್ಲಿ ಸಿಡ್ನಿಯ ಕೆಲ್ಲಿವಿಲ್‌ನಿಂದ ಹೊರಟು, ಮೆಲ್ಬರ್ನ್‌ನ ಗೆಳೆಯನ ಮನೆಯಲ್ಲಿ ಮಲಗೆದ್ದು, ಮತ್ತೆ ಕಾರು ಹತ್ತಿದೆವು.

ಗಡಿಯಲ್ಲಿ ರಾಹು

ಅವತ್ತು ಗುರುವಾರ. ಸೌತ್ ಆಸ್ಟ್ರೇಲಿಯಾದ ಗಡಿ ಬೋರ್ಡು ಕಾಣುತ್ತಲೇ ಅತ್ತೆ ಕಾರು ನಿಲ್ಲಿಸಲು ಹೇಳಿದರು.

"ಮೂರು ಗಂಟೆವರ್ಗೂ ರಾಹುಕಾಲ. ಮುಗೀಲಿ ಅಳಿಯಂದ್ರೇ, ಆಮೇಲೆ ಹೊಸ ರಾಜ್ಯಕ್ಕೆ ಕಾಲಿಡೋಣ."

ಚಳಿಯಲ್ಲಿ ಕೋಡುಬಳೆ ಕಡಿಯುತ್ತಾ ಕೂತೆವು. ಮೂರು ಹೊಡೆದದ್ದೇ ಗಡಿ ದಾಟಿದೆ. ಆ ಕಡೆ ಗಡಿಯಾರ ಅರ್ಧ ಗಂಟೆ ಹಿಂದೆ ಎಂಬುದು ನನಗೆ ಮರೆತೇ ಹೋಗಿತ್ತು.

ಮಗಳು ಫೋನ್ ನೋಡಿ ಕಿರುಚಿದಳು. "ಅಜ್ಜೀ, ಇಟ್ಸ್ ಟೂ ಥರ್ಟಿ ಅಗೇನ್!"

ಅತ್ತೆ ಹಣೆ ಚಚ್ಚಿಕೊಂಡರು. "ಈ ದೇಶದಲ್ಲಿ ಖಾಯಂ ಉಳಿಯೋಕೆ ನಿಮ್ಗೆ ಪಿಆರ್ ಸಿಕ್ಕೋಕೆ ಅಷ್ಟು ವರ್ಷ ಆಯ್ತು. ಈ ರಾಹುಗೆ ಇಷ್ಟು ಬೇಗ ಸಿಕ್ಬಿಡ್ತಾ?"

ನೀಲಿ ಕೆರೆ

ಕೆರೆ ಬೂದಿ ಬಣ್ಣಕ್ಕಿತ್ತು. ಅಲ್ಲಿ ನಾಯಿ ತಿರುಗಾಡಿಸುತ್ತಿದ್ದ ಸ್ಥಳೀಯನೊಬ್ಬ, ನೀಲಿ ಬರುವುದು ಬೇಸಿಗೆಗೆ, ಚಳಿಗಾಲದಲ್ಲಿ ಹೀಗೇ ಇರುತ್ತದೆ ಅಂದ. ಮಕ್ಕಳ ರಜೆ ನೋಡಿದ್ದೆನೇ ಹೊರತು ಕೆರೆಯ ರಜೆ ನೋಡಿರಲಿಲ್ಲ.

"ಈ ಬಣ್ಣಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಅಂದರು ಅತ್ತೆ. "ಕೆಲ್ಲಿವಿಲ್‌ನಲ್ಲಿ ನಿಮ್ಮ ಮನೆ ಗೋಡೆಯೆಲ್ಲ ಇದೇ ಬಣ್ಣ ಅಲ್ವಾ?"

ಆದರೂ ತುಂಬಿದ ಕೆರೆ ಕಂಡರೆ ಬಾಗಿನ ಬಿಡದೆ ಬರುವ ಹೆಂಗಸಲ್ಲ ಅವರು. ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ಎಲ್ಲ ಚೀಲದಲ್ಲೇ ಇತ್ತು. ಆದರೆ ಸುತ್ತ ಬೇಲಿ, ನೀರು ಎಲ್ಲೋ ಪಾತಾಳದಲ್ಲಿ. "ಕೆರೆ ತೋರಿಸಿ ಪೂಜೆ ತಪ್ಪಿಸಿದ್ರಿ" ಎಂಬ ಹೊಸ ಅಪವಾದ ನನ್ನ ತಲೆಗೆ ಬಂತು.

ಕುಸಿದ ಗುಹೆ

ಮರುದಿನ ಚಾವಣಿ ಕುಸಿದ ಒಂದು ಗುಹೆಗೆ ಕರೆದೊಯ್ದೆ. ಆ ದೊಡ್ಡ ಗುಂಡಿಯ ಒಳಗೇ ಚೆಂದದ ತೋಟ ಮಾಡಿದ್ದಾರೆ. ಅತ್ತೆ ಕಂಬಿ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದರು. ಈಗ "ಚೆನ್ನಾಗಿದೆ" ಬಂತು ಅಂತ ನಾನು ಕಿವಿ ನಿಮಿರಿಸಿದೆ.

"ನಮ್ಮೂರಲ್ಲಿ ನೆಲ ಹಿಂಗೆ ಕುಸಿದ್ರೆ ಇಂಜಿನಿಯರನ್ನ ಸಸ್ಪೆಂಡ್ ಮಾಡ್ತಾರೆ. ಇಲ್ಲಿ ಹೂಗಿಡ ನೆಟ್ಟು ಟೂರಿಸ್ಟ್ ಕರೀತಾರೆ!"

ನಲ್ಲಿ

ಮೋಟೆಲ್‌ಗೆ ಮರಳುವಾಗ ಸೋತು, ಸುಮ್ಮನೆ ಒಂದು ಮಾತು ಹೇಳಿದೆ. "ಅತ್ತೆ, ಊರಿಗೆಲ್ಲ ಕುಡಿಯೋ ನೀರು ಆ ಕೆರೆಯಿಂದಾನೇ ಬರೋದು."

"ನಮ್ಮ ರೂಮಿನ ನಲ್ಲಿಗೂನಾ?"

"ಹೂಂ."

ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಅಡುಗೆ ಸಿಂಕಿನ ನಲ್ಲಿಗೆ ಅರಿಶಿನ ಕುಂಕುಮ, ಕುತ್ತಿಗೆಗೆ ಹಸಿರು ಬಳೆ, ಮೇಲೆ ರವಿಕೆ ಕಣ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. ಅಷ್ಟರಲ್ಲಿ ಟವೆಲ್ ಕೊಡಲು ಮೋಟೆಲ್‌ನ ಒಡತಿ ಬಾಗಿಲಿಗೆ ಬಂದರು. ಇದು ಕೆರೆಗೆ ಮಾಡುವ ಪೂಜೆ, ಕೆರೆ ಸಿಗದ್ದಕ್ಕೆ ನಲ್ಲಿಗೆ ಮಾಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತಾ ವಿವರಿಸಿದೆ.

ಆಕೆ ಗಂಭೀರವಾಗಿ ಕೇಳಿಸಿಕೊಂಡು ಏನೋ ಕೇಳಿದರು. ಅತ್ತೆ ಗಾಬರಿಯಾದರು. "ಬೈತಿದಾರಾ?"

"ಇಲ್ಲ ಅತ್ತೆ. ಪಕ್ಕದ ರೂಮಿನ ನಲ್ಲಿ ತುಂಬಾ ದಿನದಿಂದ ಸೋರ್ತಿದೆಯಂತೆ, ಪ್ಲಂಬರ್ ಬರ್ತಾನೇ ಇಲ್ವಂತೆ. ಅದಕ್ಕೂ ಒಂಚೂರು ಪೂಜೆ ಮಾಡ್ತೀರಾ ಅಂತ ಕೇಳ್ತಿದಾರೆ."

ಅತ್ತೆಯ ಮುಖ ಅರಳಿತು. ಕುಂಕುಮದ ಭರಣಿ ಎತ್ತಿಕೊಂಡು ಎದ್ದರು.

"ಅಳಿಯಂದ್ರೇ, ಹೇಳ್ಬಾರ್ದು ಅಂದ್ಕೊಂಡಿದ್ದೆ. ನಿಮ್ಮ ಆಸ್ಟ್ರೇಲಿಯಾ ಚೆನ್ನಾಗಿದೆ!"

ನಾನು ಪಕ್ಕದ ರೂಮಿಗೆ ಹೋಗಿ, ಆ ಸೋರುವ ನಲ್ಲಿಗೆ ಅತ್ತೆಗಿಂತ ಮೊದಲೇ ಕೈ ಮುಗಿದೆ.